ಬುರುಲ್ ಎಜೆಯನ್ನು ಎರಡನೇ ಸಲ ಕರೆದ ದಿನ

"ಅಮ್ಮಾ, ಬುರುಲ್ ಎಜೆ ಪೈಪಿಗೆ ಯಾಕೆ ಮುತ್ತು ಕೊಡ್ತಾಳೆ?"

ಐದು ವರ್ಷದ ಸೆಜಿಮ್ ಬಾತ್‌ರೂಮಿನ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಬಾಯಲ್ಲಿ ಸೇಬಿನ ಚೂರು ಇಟ್ಟುಕೊಂಡೇ ಕೇಳಿದಳು. ಒಳಗೆ ಬುರುಲ್ ಎಜೆ ನಿಜಕ್ಕೂ ಮೂಲೆಯ ದಪ್ಪ ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಅದಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಅರವತ್ತೆರಡರ ಹೆಂಗಸು. ತಲೆಗೆ ಹೂಹೂವಿನ ವಸ್ತ್ರ, ಕಾಲಿಗೆ ಉಣ್ಣೆಯ ಕಾಲುಚೀಲ, ಸೊಂಟಕ್ಕೆ ರೆಂಚು ಸಿಕ್ಕಿಸಿದ ಚರ್ಮದ ಪಟ್ಟಿ.

"ಕೊಡ್ತಾಳೆ ಅಲ್ಲ, ಕೊಡ್ತಾರೆ ಅನ್ನಬೇಕು," ಎಂದಳು ಜಿಬೇಕ್, ಹೆಗಲ ಮೇಲಿನ ಕೂಸನ್ನು ತಟ್ಟುತ್ತ. ಯಾಕೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ.

"ಮುತ್ತಲ್ಲ ಕಣೇ ಮರಿ," ಬುರುಲ್ ಎಜೆ ಕಣ್ಣು ಬಿಡದೆಯೇ ಹೇಳಿದರು. "ನನ್ನ ಕೈ ಸುಳ್ಳು ಹೇಳ್ತದೆ. ಕೆಲಸ ಮಾಡಿ ಮಾಡಿ ಬೂಟಿನ ಅಟ್ಟೆ ಥರ ಆಗಿದೆ. ಕೆನ್ನೆ ಮಾತ್ರ ಇನ್ನೂ ಹುಡುಗೀದು, ಸುಳ್ಳು ಹೇಳಲ್ಲ. ನೋಡು, ಕಟ್ಟಡಕ್ಕೆಲ್ಲ ಬಿಸಿನೀರು ತರೋ ಈ ತಾಯಿಪೈಪು ಸತ್ತು ಮಲಗಿದೆ. ಜೂನ್ ಹತ್ತರವರೆಗೆ ಏಳಲ್ಲ."

ಅದೇನು ಹೊಸ ಸುದ್ದಿಯಲ್ಲ. ಬಿಷ್ಕೆಕ್‌ನಲ್ಲಿ ಮೇ ತಿಂಗಳು ಅಂದರೆ ಲೈಲಾಕ್ ಹೂವು, ಮಕ್ಕಳ ಮೂಗಿಗೆ ಪಾಪ್ಲರ್ ಮರದ ಹತ್ತಿ, ಮತ್ತು ಕಟ್ಟಡದ ಬಾಗಿಲಿಗೆ ಅಂಟಿಸಿದ ಚೀಟಿ: ಪೈಪುಗಳ ರಿಪೇರಿ, ಒಂದು ತಿಂಗಳು ಬಿಸಿನೀರು ಇಲ್ಲ. ಪ್ರತಿ ವರ್ಷ ಜನ ಗೊಣಗುತ್ತಾರೆ, ದೊಡ್ಡ ಪಾತ್ರೆ ಒಲೆಗಿಡುತ್ತಾರೆ, ಚೊಂಬಿನಲ್ಲಿ ಮೀಯುತ್ತಾರೆ, ಜೂನ್‌ನಲ್ಲಿ ಮರೆಯುತ್ತಾರೆ. ಜಿಬೇಕಳೂ ಮದುವೆಯಾದ ಆರು ವರ್ಷ ಹಾಗೆಯೇ ಕಳೆದಿದ್ದಳು.

ಈ ವರ್ಷದ ಮಾತೇ ಬೇರೆ. ಹೆಗಲ ಮೇಲಿದ್ದ ಕುಬಾತ್ ಹುಟ್ಟಿ ಅಂದಿಗೆ ಇಪ್ಪತ್ತೊಂಬತ್ತು ದಿನ. ಮುಂದಿನ ವಾರ ಕಳೆದು ಬರುವ ಭಾನುವಾರಕ್ಕೆ ನಲವತ್ತು ತುಂಬುತ್ತದೆ. ಅಂದು ಹೆಂಗಸರೆಲ್ಲ ಸೇರಿ ಕೂಸಿಗೆ ನಲವತ್ತು ಚಮಚ ನೀರು ಹೊಯ್ಯಬೇಕು, ಸರದಿಯ ಮೇಲೆ, ಒಂದೊಂದು ಚಮಚಕ್ಕೂ ಒಂದೊಂದು ಹಾರೈಕೆ. ಅಟ್-ಬಾಶಿ ಎಂಬ ಊರಿನಿಂದ ಅತ್ತೆ ಉಮ್ಸುನ್ ಬರುವವರು, ಎಲ್ಲರಿಗೂ ಆಕೆ ಅಪಾ, ಅಂದರೆ ಅಮ್ಮ. ಅವರ ಹಿಂದೆ ಅವರ ನಾದಿನಿಯರು, ಓರಗಿತ್ತಿಯರು, ಒಂದು ಕುರಿ.

ನಲವತ್ತು ಚಮಚಕ್ಕೆ ಗೀಸರ್ ಯಾಕೆ, ಒಂದು ಕೆಟಲ್ ಸಾಕು ಎಂದು ಯಾರಾದರೂ ಹೇಳಬಹುದು. ಹೇಳುವವರು ಕುರಿಯ ಕೊಬ್ಬು ಹೆಪ್ಪುಗಟ್ಟಿದ ಅರವತ್ತು ತಟ್ಟೆಗಳನ್ನು ಹಿಮ ಕರಗಿದ ನೀರಲ್ಲಿ ತೊಳೆದು ನೋಡಬೇಕು. ತಿಕ್ಕಿದಷ್ಟೂ ಜಿಡ್ಡು ಮೇಣದ ಹಾಗೆ ಕೈಗೆ ಹತ್ತುತ್ತದೆಯೇ ಹೊರತು ತಟ್ಟೆ ಬಿಡುವುದಿಲ್ಲ. ಮೇಲಾಗಿ ಹೆತ್ತವಳೂ ಮೀಯಬೇಕಲ್ಲ? ಜಿಬೇಕ್ ಈಚಿನ ದಿನಗಳಲ್ಲಿ ಎರಡು ಚೊಂಬು ನೀರಲ್ಲಿ ತಲೆ, ಒಂದು ಚೊಂಬಲ್ಲಿ ಮೈ ಎಂದು ಲೆಕ್ಕ ಹಾಕಿ ಮಿಂದು ಬೇಸತ್ತಿದ್ದಳು. ನಲವತ್ತರ ದಿನ ನಿಂತ ಕಾಲಲ್ಲಿ, ನೆತ್ತಿಯ ಮೇಲೆ ಬಿಸಿನೀರು ಸುರಿಸಿಕೊಳ್ಳಬೇಕು ಎಂದು ಅವಳು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

ಹಾಗಾಗಿಯೇ ಅದೇ ಕಟ್ಟಡದ ಪಕ್ಕದ ದ್ವಾರದಲ್ಲಿರುವ ಬುರುಲ್ ಎಜೆಗೆ ಕರೆ ಹೋಗಿದ್ದು. ಎಜೆ ಅಂದರೆ ಅಕ್ಕ. ಆ ಕಟ್ಟಡದಲ್ಲಿ ಅಜ್ಜಂದಿರಿಂದ ಹಿಡಿದು ಸೆಜಿಮ್‌ವರೆಗೆ ಎಲ್ಲರಿಗೂ ಆಕೆ ಎಜೆಯೇ.

ಅವರ ತಂದೆತಾಯಿಗೆ ಕೊಚ್ಕೊರ್ ಎಂಬ ಬೆಟ್ಟದೂರಿನಲ್ಲಿ ಸಾಲಾಗಿ ಮೂರು ಹೆಣ್ಣು. ನಾಲ್ಕನೆಯದೂ ಹೆಣ್ಣಾದಾಗ, ಇನ್ನಾದರೂ ದಾರಿ ಗಂಡಿನ ಕಡೆ ತಿರುಗಲಿ ಎಂದು "ತಿರುಗು" ಎಂಬ ಅರ್ಥದ ಬುರುಲ್ ಹೆಸರಿಟ್ಟರು. ಆಮೇಲೆ ಹುಟ್ಟಿದ್ದು ಇನ್ನೆರಡು ಹೆಣ್ಣು. ಹದಿನೇಳಕ್ಕೆ ಹೊಲಿಗೆ ಕಲಿಯಲೆಂದು ಪಟ್ಟಣಕ್ಕೆ ಬಂದ ಬುರುಲ್‌ಗೆ ಹೊಲಿಗೆ ತರಗತಿಯಲ್ಲಿ ಜಾಗ ಸಿಗಲಿಲ್ಲ. ಅದೇ ಶಾಲೆಯ ಕೆಳಮಹಡಿಯಲ್ಲಿ ಪೈಪಿನ ಕೆಲಸ ಕಲಿಸುವ ಕೋಣೆಯ ಮುಂದೆ ಸಾಲೇ ಇರಲಿಲ್ಲ. "ಹುಡುಗೀ, ಇಲ್ಲಿ ಸೂಜಿ ಇಲ್ಲ, ರೆಂಚು," ಎಂದು ಮೇಷ್ಟ್ರು ನಕ್ಕರಂತೆ. ಆಕೆ ಮೇಜಿನ ಮೇಲಿದ್ದ ಅಗಸೆ ನಾರಿನ ಕಂತೆ ನೋಡಿ, "ದಾರ ಇದೆಯಲ್ಲ ಸಾರ್, ಸಾಕು," ಎಂದು ಒಳಗೆ ಹೋಗಿ ಕೂತರಂತೆ.

ಅಲ್ಲಿಂದ ಇಪ್ಪತ್ತೇಳು ವರ್ಷ ಊರಿನ ಬಿಸಿನೀರಿನ ಪೈಪುಗಳ ಹೊಂಡಗಳಲ್ಲಿ ಇಳಿದು ಹತ್ತಿದರು. ಪ್ರತಿ ಮೇ ತಿಂಗಳು ಈ ಭಾಗದ ದೊಡ್ಡ ವಾಲ್ವು ಮುಚ್ಚುತ್ತಿದ್ದದ್ದು ಆಕೆಯ ಕೈಯೇ. "ಅರ್ಧ ಊರಿನ ಶಾಪ ತಿಂದ ಕೈ ಇದು," ಎಂದು ಅಂಗೈ ತೋರಿಸುತ್ತಾರೆ. ಈಗ ನಿವೃತ್ತಿ. ಗಂಡ ಸಾಪಾರ್, ಕಟ್ಟಡಕ್ಕೆಲ್ಲ ಬೈಕೆ, ಅಂದರೆ ಅಣ್ಣ, ಅಂಗಳದ ಬೆಂಚಿನಲ್ಲಿ ಚದುರಂಗ ಆಡುತ್ತಾರೆ, ಯಾರಾದರೂ ನಲ್ಲಿ ಸೋರುತ್ತಿದೆ ಎಂದರೆ, "ಅವಳನ್ನ ಕೇಳಿ. ಈ ಮನೇಲಿ ರೆಂಚು ಅವಳದು, ರೊಟ್ಟಿ ನನ್ನದು," ಎನ್ನುತ್ತಾರೆ.

ಬುರುಲ್ ಎಜೆಗೆ ವರ್ಷದ ಸುಗ್ಗಿ ಅಂದರೆ ಬಿಸಿನೀರು ನಿಲ್ಲುವ ಈ ಒಂದು ತಿಂಗಳು. ಮನೆಮನೆಗೂ ಗೀಸರ್ ಹಾಕಿಸುವ ಹುಚ್ಚು ಹಿಡಿದ ಮೇಲಂತೂ ಪೇಟೆಯಿಂದ ಮೋಟಾರ್ ಸೈಕಲ್ಲಿನ ತರುಣ ಪ್ಲಂಬರುಗಳು ಬರತೊಡಗಿದ್ದರು. ಅವರು ಅಗ್ಗ, ಅವರು ಚುರುಕು. ಬುರುಲ್ ಎಜೆಯ ಬಳಿ ಇದ್ದದ್ದು ಒಂದೇ ಹೆಚ್ಚುಗಾರಿಕೆ: ಒಂದು ಕೆಲಸಕ್ಕೆ ಅವರನ್ನು ಎರಡನೇ ಸಲ ಕರೆದವರಿಲ್ಲ. ಹಾಕಿದ್ದು ಹಾಕಿದ್ದೇ. ಆ ಮೂರು ದ್ವಾರದ ಕಟ್ಟಡದಲ್ಲಿ ಎಲ್ಲರಿಗೂ ಇದು ಗೊತ್ತು, ಗೊತ್ತಿಲ್ಲದವರಿಗೆ ಅವರೇ ಹೇಳುತ್ತಾರೆ. "ಎರಡನೇ ಸಲ ಕರೆಸಿಕೊಂಡ ಪ್ಲಂಬರು, ಎರಡನೇ ಸಲ ಕುದಿಸಿದ ಚಹಾ. ಯಾರಿಗೆ ಬೇಕು?"

ಗೀಸರ್ ಆರಿಸುವ ಕೆಲಸವನ್ನು ಜಿಬೇಕಳ ಗಂಡ ಉರ್ಮಾತ್ ತಾನೇ ಮೈಮೇಲೆ ಎಳೆದುಕೊಂಡಿದ್ದ. ಶಾಲೆಯಲ್ಲಿ ಭೂಗೋಳ ಕಲಿಸುವವನು. ಯಾವುದನ್ನೂ ನಕ್ಷೆ ಬರೆಯದೆ ಮಾಡಿದವನಲ್ಲ. ಮೂರು ದಿನ ಫೋನಿನಲ್ಲಿ ಓದಿ, ಒಂದು ಹಾಳೆಯ ತುಂಬ ಗೆರೆ ಎಳೆದು ತಂದ.

"ಎಜೆ, ಎರಡು ದಾರಿ. ಒಂದು, ಎಂಬತ್ತು ಲೀಟರ್ ಟ್ಯಾಂಕಿನದು. ಇನ್ನೊಂದು, ಟ್ಯಾಂಕೇ ಇಲ್ಲದ್ದು, ನೀರು ಹರೀತಾ ಇದ್ದ ಹಾಗೇ ಕಾಯಿಸ್ತದೆ. ನನಗೆ ಟ್ಯಾಂಕಿನದೇ..."

ಬುರುಲ್ ಎಜೆ ಬಾತ್‌ರೂಮಿನ ಗೋಡೆಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಟೊಳ್ಳು ಸದ್ದು ಬಂತು. "ಈ ಗೋಡೆ ಕ್ಯಾಲೆಂಡರ್ ಹೊರುತ್ತೆ ಮಗಾ. ಎಂಬತ್ತು ಲೀಟರ್ ನೇತು ಹಾಕಿದರೆ ನೀನು ಮೀಯೋದು ಪಕ್ಕದ ಮನೇಲಿ."

"ಹಾಗಾದರೆ ಟ್ಯಾಂಕಿಲ್ಲದ್ದು. ಎಂಟು ಕಿಲೋವ್ಯಾಟಿನದು ಇದೆ, ಎಲ್ಲರೂ ಹೊಗಳಿ ಬರೆದಿದ್ದಾರೆ."

"ಬರೆದೋರ ಮನೆ ವೈರು ಯಾವ ಕಾಲದ್ದು?"

ಉರ್ಮಾತ್‌ನ ಹಾಳೆಯಲ್ಲಿ ಆ ಕಾಲಮ್ಮು ಇರಲಿಲ್ಲ. ಬುರುಲ್ ಎಜೆ ಅವನನ್ನು ಮೆಟ್ಟಿಲ ಬಳಿಯ ಕರೆಂಟಿನ ಪೆಟ್ಟಿಗೆಗೆ ಕರೆದೊಯ್ದು, ಮುಟ್ಟದೆಯೇ ಗಲ್ಲ ಎತ್ತಿ ತೋರಿಸಿದರು. ತಾತನ ಕಾಲದ ಅಲ್ಯೂಮಿನಿಯಂ ತಂತಿ, ಮಬ್ಬು ಹಿಡಿದಿತ್ತು. "ಇದಕ್ಕೆ ಎಂಟು ಕೊಟ್ಟರೆ ನೀರು ಕಾಯೋಕೆ ಮೊದಲು ಗೋಡೆ ಕಾಯ್ತದೆ. ಐದೂವರೆಯದು ತಾ. ಅದಕ್ಕೂ ಬೇರೆಯೇ ತಾಮ್ರದ ವೈರು, ಬೇರೆಯೇ ಫ್ಯೂಸು, ಅರ್ಥಿಂಗು. ಅದನ್ನ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸು. ಕರೆಂಟು ನನ್ನದಲ್ಲ. ನೀರು ಬೈದರೆ ಬಟ್ಟೆ ಒದ್ದೆ ಆಗ್ತದೆ, ಕರೆಂಟು ಬೈದರೆ ಸತ್ತೋರಿಗೆ ನಲವತ್ತನೇ ದಿನ ಹಾಕೋ ಊಟ ನನ್ನದಾಗ್ತದೆ."

"ಐದೂವರೆಗೆ ಧಾರೆ ಸಣ್ಣ ಅಂತ ಬರೆದಿದ್ದಾರೆ ಎಜೆ," ಉರ್ಮಾತ್ ಇನ್ನೂ ಹಾಳೆ ಬಿಡಲಿಲ್ಲ.

 ಬುರುಲ್ ಎಜೆ ಅಡಿಗೆಮನೆಯಿಂದ ಉಪ್ಪಿನಕಾಯಿಯ ಮೂರು ಲೀಟರಿನ ಖಾಲಿ ಜಾಡಿ ತರಿಸಿ, ನಲ್ಲಿಯ ಕೆಳಗಿಟ್ಟು, ಧಾರೆಯನ್ನು ಕಿರಿದು ಮಾಡಿ, ಸೆಜಿಮ್ ಕೈಲಿ ಅರವತ್ತರವರೆಗೆ ಎಣಿಕೆ ಮಾಡಿಸಿದರು. ಸೆಜಿಮ್‌ಗೆ ಮೂವತ್ತರ ನಂತರ ಬರುವುದಿಲ್ಲ, ಆದ್ದರಿಂದ ಮೂವತ್ತನ್ನೇ ಎರಡು ಸಲ. ಎರಡನೇ ಮೂವತ್ತಕ್ಕೆ ಜಾಡಿ ಸರಿಯಾಗಿ ತುಂಬಿತು.

"ಇದೇ ನಿನ್ನ ಧಾರೆ. ಜಿಬೇಕ್, ಕೈ ಒಡ್ಡಿ ನೋಡು ತಾಯಿ, ಸಾಕಾ?"

ಜಿಬೇಕ್ ಕೈ ಒಡ್ಡಿದಳು. ಗಿಂಡಿಯಿಂದ ಯಾರೋ ಬಿಡದೆ ಸುರಿಯುತ್ತಿರುವಷ್ಟು ನೀರು. ಮಳೆಯಲ್ಲ, ಆದರೆ ಚೊಂಬೂ ಅಲ್ಲ. "ಸಾಕು ಎಜೆ."

"ಇದಕ್ಕಿಂತ ಜಾಸ್ತಿ ತಿರುಗಿಸಿದರೆ ತಣ್ಣಗಾಗ್ತದೆ, ಕಮ್ಮಿ ಮಾಡಿದರೆ ಸುಡ್ತದೆ. ಈ ಪೆಟ್ಟಿಗೆಗೆ ಸಂಗ್ರಹ ಅನ್ನೋದಿಲ್ಲ. ಬಂದಿದ್ದನ್ನ ಬಂದ ಹಾಗೆ ಕಾಯಿಸಿ ಕಳಿಸ್ತದೆ. ಅವಸರ ಮಾಡಿದೋರಿಗೆ ತಣ್ಣೀರು."

ಮುಂದಿನ ವಾರ ಎಲೆಕ್ಟ್ರಿಷಿಯನ್ ತಾಮ್ರದ ವೈರೆಳೆದು ಹೋದ. ಶುಕ್ರವಾರ, ಕುಬಾತ್‌ಗೆ ಮೂವತ್ತೆಂಟನೇ ದಿನ, ಬುರುಲ್ ಎಜೆ ಚೀಲ ಹಿಡಿದು ಬಂದರು. ಚೀಲದಿಂದ ಮೊದಲು ಹೊರಬಂದದ್ದು ಚಹಾಪುಡಿಯ ಹಳೇ ಪೊಟ್ಟಣ, ಅದರೊಳಗೆ ಹೊಂಬಣ್ಣದ ಅಗಸೆ ನಾರು.

"ಯಾರ ಕೂದಲು?" ಎಂದಳು ಸೆಜಿಮ್.

"ಹೇಳಿದ ಮಾತು ಕೇಳದ ಒಬ್ಬ ಹುಡುಗೀದು."

ಪೇಟೆಯ ಹುಡುಗರು ಪೈಪಿನ ತಿರುಪಿಗೆ ಬಿಳಿ ಟೇಪು ಸುತ್ತುತ್ತಾರೆ. ಬುರುಲ್ ಎಜೆಗೆ ಟೇಪು ಅಂದರೆ ಆಗದು. ನಾರನ್ನು ಬೆರಳಿನಲ್ಲಿ ಬಾಚಿ, ತಿರುಪಿನ ದಿಕ್ಕಿಗೇ ಎಳೆಎಳೆಯಾಗಿ ಸುತ್ತಿ, ಮೇಲೊಂದಿಷ್ಟು ಪೇಸ್ಟು ಸವರಿ, ರೆಂಚಿನಿಂದ ಬಿಗಿದರು. ನಾರು ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ಸೋರುವುದಿಲ್ಲ. ತಣ್ಣೀರಿನ ಪೈಪಿನಿಂದ ಕವಲು ಒಡೆದು ಪೆಟ್ಟಿಗೆಯ ಒಳದಾರಿಗೆ ಒಂದು ವಾಲ್ವು. ಪೆಟ್ಟಿಗೆಯ ಹೊರದಾರಿಯನ್ನು ಮನೆಯ ಬಿಸಿನೀರಿನ ಪೈಪಿಗೆ ಸೇರಿಸುವಲ್ಲಿ ಇನ್ನೊಂದು. ಅಡಿಗೆಮನೆ, ಬಾತ್‌ರೂಮು ಎರಡಕ್ಕೂ ಅದೇ ನೀರು.

ಎಲ್ಲ ಮುಗಿದ ಮೇಲೆ ಜಿಬೇಕಳನ್ನು ಮೂಲೆಗೆ ಕರೆದು, ತಾಯಿಪೈಪಿನಿಂದ ಮನೆಗೆ ಕವಲೊಡೆಯುವಲ್ಲಿದ್ದ ಕೆಂಪು ಹಿಡಿಯ ವಾಲ್ವನ್ನು ಅಡ್ಡಕ್ಕೆ ತಿರುಗಿಸಿ ಮುಚ್ಚಿದರು.

"ಇದನ್ನ ಕಣ್ಣಲ್ಲಿ ಇಟ್ಟುಕೋ. ಗೀಸರ್ ಹಾಕೋಕೆ ಮೊದಲು ಇದು ಮುಚ್ಚಿರಬೇಕು. ತೆರೆದಿತ್ತೋ, ನೀನು ಕಾಯಿಸಿದ ನೀರು ಮನೇಲಿ ನಿಲ್ಲಲ್ಲ, ಖಾಲಿ ತಾಯಿಪೈಪಿಗೆ ಇಳಿದು ಓಡ್ತದೆ. ಮೇಲಿನೋರು ಕೆಳಗಿನೋರು ಎಲ್ಲ ನಲ್ಲಿ ತಿರುಗಿಸಿ ಮೀತಾರೆ, ನಿನಗೆ ಮಾತ್ರ ತಣ್ಣೀರು. ನಾಲ್ಕು ಮಹಡಿಗೆ ನೀನೊಬ್ಬಳೇ ಧಣಿ."

ನಲ್ಲಿ ತಿರುಗಿಸಿದರು. ಮೊದಲು ಕೆಮ್ಮಿತು, ಆಮೇಲೆ ಉಗುಳಿತು, ಆಮೇಲೆ ಹರಿಯಿತು. ಸ್ವಿಚ್ಚು ಹಾಕಿದ ಅರ್ಧ ನಿಮಿಷಕ್ಕೆ ಬಿಸಿ. ಜಿಬೇಕ್ ಮೊಣಕೈವರೆಗೆ ಕೈ ಒಡ್ಡಿಕೊಂಡು ನಿಂತಳು. ಒದ್ದೆ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ನೀರಿಗೆಲ್ಲ ಅಳುತ್ತಾರೆಯೇ ಎಂದು ತನಗೆ ತಾನೇ ಬೈದುಕೊಂಡು ಬುರುಲ್ ಎಜೆಗೆ ಚಹಾ ಕಾಯಿಸಿದಳು.

ಶನಿವಾರ ಉಮ್ಸುನ್ ಅಪಾ ಬಂದಿಳಿದರು. ಎಪ್ಪತ್ತು ದಾಟಿದವರು, ಗಟ್ಟಿ ದನಿ, ಗಟ್ಟಿ ಮನಸ್ಸು, ಮೊಮ್ಮಕ್ಕಳ ಮುಂದೆ ಮಾತ್ರ ಬೆಣ್ಣೆ. ಗೀಸರ್ ನೋಡಿ ಮೂಗು ಮುರಿದರು. "ನೀರು ಕಾಯಿಸೋಕೆ ಒಂದು ಪೆಟ್ಟಿಗೆ! ನಾಳೆ ನೀರು ಕುಡಿಸೋಕೂ ಒಂದು ತರ್ತೀರಾ? ನಿಮ್ಮ ಮಾವ ಹುಟ್ಟಿದಾಗ ಹಿಮ ಕರಗಿಸಿ ಮೀಯಿಸಿದ್ದರು, ಏನಾಯ್ತು? ಎಂಬತ್ತು ಬದುಕಿದರು." ಹೀಗೆಂದವರು ಸಂಜೆ ಒಳಗೆ ಹೋಗಿ ಅರ್ಧ ತಾಸು ಮಿಂದು, ಮಾಗಿದ ಸೇಬಿನಂತೆ ಕೆಂಪಗಾಗಿ ಹೊರಗೆ ಬಂದು, "ಹೂಂ. ಪರವಾಗಿಲ್ಲ," ಎಂದು ಬೇಗ ಮಾತು ಬದಲಿಸಿದರು.

ಭಾನುವಾರ ಬೆಳಗಾಗುವ ಮೊದಲೇ ಅಪಾ ಎದ್ದು ಮನೆ ತುಂಬ ಓಡಾಡುವುದು ಜಿಬೇಕ್‌ಗೆ ನಿದ್ದೆಗಣ್ಣಲ್ಲೇ ಕೇಳಿಸಿತು. ಕೂಸಿಗೆ ನಲವತ್ತು ತುಂಬುವ ದಿನ ಮನೆಯಲ್ಲಿ ಮುಚ್ಚಿದ್ದು, ಗಂಟು ಹಾಕಿದ್ದು ಯಾವುದೂ ಇರಬಾರದು, ಇದ್ದರೆ ಮಗುವಿನ ದಾರಿಗೆ ಅಡ್ಡ ಎಂಬುದು ಅಪಾ ತಮ್ಮ ತಾಯಿಯಿಂದ ಕಲಿತದ್ದು. ಬಟ್ಟೆಪೆಟ್ಟಿಗೆಯ ಬೀಗ ತೆಗೆದರು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರು. ಕಿಟಕಿಯ ಚಿಲಕ, ಪರದೆಯ ದಾರ, ಉರ್ಮಾತ್‌ನ ಶಾಲೆಯ ಚೀಲದ ಜಿಪ್ಪು. ಸೆಜಿಮ್ ಹಿಂದೆಯೇ ಸುತ್ತುತ್ತಿದ್ದಳು.

ಉರ್ಮಾತ್ ಕುರಿ ಕೊಯ್ಯಿಸಿ ಮಾಂಸ ತರಲು ಹೋದ. ಏಳೂವರೆಗೆ ಜಿಬೇಕ್ ಸ್ವಿಚ್ಚು ಹಾಕಿ, ಬಾಗಿಲು ಹಾಕಿಕೊಂಡು, ತಲೆಗೆ ಸೋಪು ಹಚ್ಚಿ ನೀರಿನ ಕೆಳಗೆ ನಿಂತಳು. ಒಂದು ನಿಮಿಷ ಉಗುರು ಬೆಚ್ಚಗೆ ಬಂತು. ಆಮೇಲೆ ಧಾರೆ ದಾರವಾಯಿತು. ಆಮೇಲೆ ದಾರ ತಣ್ಣಗಾಯಿತು. ತಿರುಗಿಸಿದಳು, ಹಿಂದಕ್ಕೆ ತಿರುಗಿಸಿದಳು, ಏನೂ ಇಲ್ಲ. ಅದೇ ಹೊತ್ತಿಗೆ ಮೇಲಿನಿಂದ ವೆನೆರಾಳ ದನಿ. ಮೂರನೇ ಮಹಡಿಯವಳು, ಕಿಟಕಿಯಿಂದ ಅಂಗಳಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಏ, ನೀರು ಬಂತು! ಬಿಸಿನೀರು! ಬೇಗ ಮೀಯ್ರೋ, ನಿಲ್ಲಿಸಿಬಿಡ್ತಾರೆ!"

ಜಿಬೇಕ್‌ಗೆ ಆಗ ಒಂದರ ಜೊತೆ ಒಂದು ಕೂಡಿಸುವ ಮನಸ್ಸಿರಲಿಲ್ಲ. ಇನ್ನು ಮೂರು ತಾಸಿಗೆ ಇಪ್ಪತ್ತೈದು ಹೆಂಗಸರು ಬರುತ್ತಾರೆ, ಕಣ್ಣಿಗೆ ಸೋಪು ಹೋಗುತ್ತಿದೆ. ತಲೆಗೆ ಟವೆಲ್ ಸುತ್ತಿ ಬಾಲ್ಕನಿಗೆ ಓಡಿ, ಕೆಳಗೆ ಚದುರಂಗದ ಮುಂದೆ ಕೂತಿದ್ದ ಸಾಪಾರ್ ಬೈಕೆಗೆ ಕೂಗಿ ಹೇಳಿದಳು. "ಬೈಕೆ! ಎಜೆಯನ್ನ ಸ್ವಲ್ಪ ಕಳಿಸಿ! ಗೀಸರ್ ಕೆಲಸ ಮಾಡ್ತಿಲ್ಲ!"

ಸಾಪಾರ್ ಬೈಕೆಯ ಕೈಲಿದ್ದ ಕುದುರೆ ಗಾಳಿಯಲ್ಲೇ ನಿಂತಿತು. "ಏನಂದೆ? ಹಾಕಿದ್ದಕ್ಕಾ? ಎರಡನೇ ಸಲವಾ?"

ಅಂಗಳವೆಲ್ಲ ಕೇಳಿಸಿಕೊಂಡಿತು. ಎದುರು ಕೂತವನು, "ಬರೆದಿಡಿ, ತಾರೀಖು ಬರೆದಿಡಿ," ಎಂದು ತೊಡೆ ತಟ್ಟಿ ನಕ್ಕ. ಮಾತು ಬಾಯಿಂದ ಬಿದ್ದ ಮೇಲೆ ಜಿಬೇಕ್ ನಾಲಿಗೆ ಕಚ್ಚಿಕೊಂಡಳು. ಬಿದ್ದ ಮಾತು ಮೇಲೆ ಹತ್ತೀತೆ?

ಬುರುಲ್ ಎಜೆ ಮೂರು ನಿಮಿಷದಲ್ಲಿ ಬಂದರು. ನಗಲಿಲ್ಲ. ತಲೆಯ ವಸ್ತ್ರದ ಗಂಟು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಹಿಂದೆಯೇ ವೆನೆರಾ, ಒದ್ದೆ ಕೂದಲು, ಕೆನ್ನೆಗೆ ಇನ್ನೂ ನೊರೆ. "ಏನಾಯ್ತು ಎಜೆ, ಇವಳ ಪೆಟ್ಟಿಗೆ ಕೆಟ್ಟಿತಾ? ನಾಡಿದ್ದು ನಮ್ಮನೆಗೆ ಹಾಕಬೇಕಿತ್ತಲ್ಲ ನೀವು?"

ಎಜೆ ಮೊದಲು ಪೆಟ್ಟಿಗೆ ನೋಡಿದರು. ದೀಪ ಉರಿಯುತ್ತಿತ್ತು, ಒಳಗೆ ನೀರು ಓಡುವ ಸದ್ದು ಜೋರಾಗಿಯೇ ಇತ್ತು. ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದವು. ಆಮೇಲೆ ಹೋಗಿ ತಾಯಿಪೈಪಿಗೆ ಕೆನ್ನೆ ಇಟ್ಟರು. ಸೆಜಿಮ್ ಈ ಸಲ ಪ್ರಶ್ನೆ ಕೇಳಲಿಲ್ಲ. ತಾನೂ ಒಂದು ಪಕ್ಕ ಕೆನ್ನೆ ಇಟ್ಟಳು.

"ಬೆಚ್ಚಗಿದೆ," ಎಂದಳು ಸೆಜಿಮ್.

"ಹೌದು ಮರಿ. ಜೂನ್ ಹತ್ತಕ್ಕೆ ಏಳಬೇಕಾದ್ದು ಇವತ್ತೇ ಎದ್ದು ಕೂತಿದೆ." ಬಗ್ಗಿ ಮೂಲೆ ನೋಡಿದರು. ಕೆಂಪು ಹಿಡಿ ಅಡ್ಡಕ್ಕಿರಲಿಲ್ಲ, ಪೈಪಿನ ಉದ್ದಕ್ಕಿತ್ತು. ತೆರೆದಿತ್ತು.

ಅವರ ಬೆನ್ನ ಹಿಂದೆ ನಿಂತಿದ್ದ ಜಿಬೇಕ್‌ಗೂ ಅದು ಕಂಡಿತು. ಬುರುಲ್ ಎಜೆ ನಿಧಾನಕ್ಕೆ ಎದ್ದು ಬಾಗಿಲಾಚೆ ಕಣ್ಣು ಹಾಯಿಸಿದರು. ಬಾಯಿ ತೆರೆದ ಬಟ್ಟೆಪೆಟ್ಟಿಗೆ, ಮುಚ್ಚಳವಿಲ್ಲದ ಹಿಟ್ಟಿನ ಡಬ್ಬಿ, ಗಾಳಿಗೆ ಬಡಿಯುತ್ತಿದ್ದ ಕಿಟಕಿ, ನಾಲಿಗೆ ಚಾಚಿದಂತಿದ್ದ ಉರ್ಮಾತ್‌ನ ಚೀಲ. ಕೊಚ್ಕೊರ್‌ನಲ್ಲಿ ಹುಟ್ಟಿದವರಿಗೆ ಈ ಪದ್ಧತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಉಮ್ಸುನ್ ಅಪಾ, ಜೊತೆಗೆ ಆಗಲೇ ಬಂದಿಳಿದಿದ್ದ ಅವರ ಇಬ್ಬರು ನಾದಿನಿಯರು ಬಾಗಿಲು ತುಂಬಿ ನಿಂತಿದ್ದರು. "ಹೇಳಿದ್ದೆ ನಾನು," ಅಪಾ ನಾದಿನಿಯರ ಕಡೆ ತಿರುಗಿ ಹೇಳುತ್ತಿದ್ದರು. "ಪೆಟ್ಟಿಗೆ ನಂಬಬೇಡ ಅಂತ ಹೇಳಿದ್ದೆ. ಪಟ್ಟಣದೋರು ಕೇಳ್ತಾರಾ?" ದೊಡ್ಡ ನಾದಿನಿ ಬಾಯಿ ಚೂಪು ಮಾಡಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಆಕೆ ಉಮ್ಸುನ್ ಅಪಾರ ತಪ್ಪನ್ನು ಹುಡುಕಿ ಹುಡುಕಿ ಮೂವತ್ತು ವರ್ಷ ಕಳೆದವಳು. ಮೊಮ್ಮಗನ ನಲವತ್ತರ ನೀರನ್ನು ಅಜ್ಜಿಯೇ ನಾಲ್ಕು ಮಹಡಿಗೆ ಹರಿಯಬಿಟ್ಟಳಂತೆ ಎಂಬ ಕಥೆ ಆಕೆಯ ಕೈಗೆ ಸಿಕ್ಕರೆ, ಅಟ್-ಬಾಶಿಯಲ್ಲಿ ಇನ್ನು ಹತ್ತು ವರ್ಷ ಯಾವ ಊಟದಲ್ಲೂ ಉಪ್ಪು ಬೇಕಾಗುತ್ತಿರಲಿಲ್ಲ.

ಸೆಜಿಮ್ ಬಾಯಿ ತೆರೆದಳು. "ಅದು ನಾನು ನೋಡಿದೆ! ಬೆಳಿಗ್ಗೆ ಅಜ್ಜಿ ಆ ಕೆಂಪು..."

ಬುರುಲ್ ಎಜೆ ನಾದಿನಿಯ ಕೈಲಿದ್ದ ತಟ್ಟೆಯಿಂದ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ಉಂಡೆಯೊಂದನ್ನು ಎತ್ತಿ ಆ ತೆರೆದ ಬಾಯಿಗೆ ಇಟ್ಟರು. ಹುಡುಗಿ ಅಗಿಯತೊಡಗಿದಳು.

"ನನ್ನದೇ ತಪ್ಪು," ಎಂದರು ಬುರುಲ್ ಎಜೆ, ಎಲ್ಲರಿಗೂ ಕೇಳುವಂತೆ. "ಶುಕ್ರವಾರ ಈ ವಾಲ್ವು ಮುಚ್ಚೋದು ಮರೆತೆ. ವಯಸ್ಸಾಯ್ತು ನೋಡಿ. ಪೆಟ್ಟಿಗೆ ಚೆನ್ನಾಗೇ ಇದೆ."

ಜಿಬೇಕ್ ಮುಂದೆ ಬಂದಳು. "ಎಜೆ, ನೀವು ಮುಚ್ಚಿದ್ದನ್ನ ನಾನೇ..." ಎನ್ನುವಷ್ಟರಲ್ಲಿ ಉಣ್ಣೆಯ ಕಾಲುಚೀಲ ತೊಟ್ಟ ಪಾದವೊಂದು ಅವಳ ಕಾಲ್ಬೆರಳ ಮೇಲೆ ಬಂದು ಕೂತಿತು. ಭಾರವಾಗಿಯೇ ಕೂತಿತು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೇ ಬರೆ ಬೀಳಲಿ ಬಿಡು," ಎಂದು ಅವಳ ಕಿವಿಗಷ್ಟೇ ಕೇಳುವಂತೆ ಹೇಳಿ, ಮತ್ತೆ ದನಿ ಎತ್ತಿದರು. "ಈಗ ಮುಚ್ತೀನಿ. ಆದರೆ ತಡೀರಿ, ಮೇಲೆ ಯಾರೋ ಇನ್ನೂ ಮೀತಿದ್ದಾರೆ. ಸೋಪು ಹಚ್ಚಿಕೊಂಡೋರಿಗೆ ತಣ್ಣೀರು ಹೊಯ್ದರೆ ಆ ಪಾಪ ನನಗೇ." ತಾಯಿಪೈಪಿಗೆ ಕಿವಿ ಕೊಟ್ಟು, ಸದ್ದು ನಿಂತ ಮೇಲೆ, ಕೆಂಪು ಹಿಡಿಯನ್ನು ಅಡ್ಡಕ್ಕೆ ತಂದರು. ಅರ್ಧ ನಿಮಿಷಕ್ಕೆ ನಲ್ಲಿಯಲ್ಲಿ ಹಬೆಯಾಡಿತು.

ವೆನೆರಾ ಕೆನ್ನೆಯ ನೊರೆ ಒರೆಸಿಕೊಂಡಳು. "ಅಂದರೆ ನಾವೆಲ್ಲ ಮಿಂದದ್ದು ಇವಳ ನೀರಲ್ಲಿ! ಅಲ್ಲ ಎಜೆ, ಮರೆತಿರಾ? ನೀವಾ?" ಆಮೇಲೆ ಗೋಡೆ ನೋಡುತ್ತ, "ನಮ್ಮನೇದು... ಮುಂದಿನ ವಾರ ನೋಡೋಣ ಬಿಡಿ. ಅವಸರ ಏನಿದೆ," ಎಂದಳು. ಬುರುಲ್ ಎಜೆ ರೆಂಚನ್ನು ಪಟ್ಟಿಗೆ ಸಿಕ್ಕಿಸಿದರು. ಒಂದೇ ಸಲಕ್ಕೆ ಸಿಕ್ಕಲಿಲ್ಲ.

ಜಿಬೇಕ್ ಮಿಂದಳು. ನೆತ್ತಿಯ ಮೇಲೆ ನೀರು ಬಿತ್ತು, ಬೆನ್ನಿಗೆ ಇಳಿಯಿತು, ಅವಳು ಬಯಸಿದ್ದಂತೆಯೇ. ಆದರೆ ಸುಖದ ಪಕ್ಕದಲ್ಲೇ ಒಂದು ಕಲ್ಲು ಕೂತಿತ್ತು.

ಹನ್ನೊಂದಕ್ಕೆ ಮನೆ ತುಂಬಿತು. ಕುಬಾತ್‌ನನ್ನು ಬೋಗುಣಿಯಲ್ಲಿ ಮಲಗಿಸಿದರು. ಹೆಂಗಸರು ಸರದಿಯಲ್ಲಿ ಮರದ ಚಮಚ ಹಿಡಿದರು. ಒಬ್ಬಳು ಆಯುಸ್ಸು ಕೇಳಿದಳು, ಒಬ್ಬಳು ಒಳ್ಳೆ ಕುದುರೆ ಕೇಳಿದಳು, ಒಬ್ಬಳು ತೆಪ್ಪಗೆ ನಿದ್ದೆ ಮಾಡುವ ಬುದ್ಧಿ ಕೊಡು ಎಂದಾಗ ಜಿಬೇಕ್ ಎಲ್ಲರಿಗಿಂತ ಜೋರಾಗಿ ಆಮೀನ್ ಎಂದಳು. ಬುರುಲ್ ಎಜೆಯನ್ನೂ ಎಳೆದು ತಂದರು. ಅವರು ಚಮಚದ ನೀರನ್ನು ಮೊದಲು ತಮ್ಮ ಕೆನ್ನೆಗೆ ತಾಗಿಸಿ ನೋಡಿ, ಕೂಸಿನ ಹೊಟ್ಟೆಯ ಮೇಲೆ ಮೆಲ್ಲಗೆ ಹೊಯ್ದರು. "ಯಾರ ಮನೆಗೆ ಹೋದರೂ ಮತ್ತೆ ಕರೆಯೋ ಹಾಗಿರು," ಎಂದರು. ಆಮೇಲೆ ತಮ್ಮ ಮಾತಿಗೆ ತಾವೇ ನಕ್ಕರು. "ಊಟಕ್ಕೆ ಅಂದೆ."

ಊಟದಲ್ಲಿ ಉಮ್ಸುನ್ ಅಪಾ ಮಾಂಸ ಹಂಚಿದರು. ಯಾರಿಗೆ ಯಾವ ತುಂಡು ಎಂಬುದರಲ್ಲಿ ಅವರು ಎಂದೂ ತಪ್ಪಿದವರಲ್ಲ. ಬಾಲದ ಬುಡದ ಕೊಬ್ಬಿನ ಮೂಳೆ ಮನೆಯ ಅತ್ಯಂತ ಗೌರವದ ಹೆಂಗಸಿಗೆ. ದೊಡ್ಡ ನಾದಿನಿ ಆಗಲೇ ತಟ್ಟೆ ಮುಂದೆ ಸರಿಸಿ ಕೂತಿದ್ದಳು. ಅಪಾ ಆ ತುಂಡನ್ನು ಎತ್ತಿ, ಒಂದು ಗಳಿಗೆ ತಡೆದು, ಬಾಗಿಲ ಬಳಿ ಕೂತಿದ್ದ ಬುರುಲ್ ಎಜೆಯ ತಟ್ಟೆಗೆ ಇಟ್ಟರು. ಬುರುಲ್ ಎಜೆ ತಲೆ ಬಾಗಿಸಿ ತಟ್ಟೆ ಹತ್ತಿರ ಎಳೆದುಕೊಂಡರು. ಅಪಾಗೆ ಎಷ್ಟು ಗೊತ್ತು, ಯಾವಾಗ ಗೊತ್ತಾಯಿತು ಎಂದು ಜಿಬೇಕ್ ಎಷ್ಟು ಯೋಚಿಸಿದರೂ ಅಪಾರ ಮುಖದಲ್ಲಿ ಓದಲು ಏನೂ ಸಿಗಲಿಲ್ಲ.

ಅರವತ್ತು ತಟ್ಟೆಗಳು ಬಿಸಿನೀರಲ್ಲಿ ಪಟಪಟ ತೊಳೆದು ಮುಗಿದವು. ಮೂರರ ಹೊತ್ತಿಗೆ ಬುರುಲ್ ಎಜೆ ಬೂಟು ಹಾಕಿಕೊಂಡು ಹೊರಟರು. ಜಿಬೇಕ್ ಬೋರ್ಸೋಕ್ ಕಟ್ಟಿದ ಗಂಟು ಹಿಡಿದು ಮೆಟ್ಟಿಲವರೆಗೆ ಹಿಂದೆ ಹೋದಳು.

"ಎಜೆ, ಇದು ನ್ಯಾಯ ಅಲ್ಲ. ಇಷ್ಟು ವರ್ಷದ ಹೆಸರು. ವೆನೆರಾ ಬೇರೆ ಕೆಲಸ ಬಿಡಿಸಿದಳು. ನಾನು ಎಲ್ಲರ ಮುಂದೆ ಹೇಳಿಬಿಡ್ತೀನಿ."

"ಹುಚ್ಚಿ. ನಿನ್ನ ಅತ್ತೆ ಮಾಡಿದ್ದು ಮಗುವಿನ ಒಳ್ಳೇದಕ್ಕೆ. ಇವತ್ತು ಅವರ ದಿನ. ಆ ಬಾಯಿ ಚೂಪಿನೋಳ ಮುಂದೆ ಅವರ ತಲೆ ತಗ್ಗಿಸಿ ನಾನು ಹೆಸರು ಉಳಿಸಿಕೊಳ್ಳಬೇಕಾ?"

"ಹಾಗಾದರೆ ನಿಮ್ಮ ಹೆಸರು?"

ಬುರುಲ್ ಎಜೆ ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡು ಮೇಲಕ್ಕೂ ಕೆಳಕ್ಕೂ ನೋಡಿದರು. ಮೆಟ್ಟಿಲಲ್ಲಿ ಯಾರೂ ಇರಲಿಲ್ಲ.

"ಅದಕ್ಕೇ ನಿನ್ನಿಂದ ಒಂದು ಉಪಕಾರ ಆಗಬೇಕು. ನಾಳೆ ಅಟ್-ಬಾಶಿ ಕಡೆ ಬಸ್ಸು ಎಷ್ಟು ಹೊತ್ತಿಗೆ?"

"ಎಂಟಕ್ಕೆ. ಅಪಾ, ನಾದಿನಿಯರು ಎಲ್ಲ ಅದರಲ್ಲೇ ಹೋಗ್ತಾರೆ."

"ಹೋಗಲಿ. ಬಸ್ಸು ಊರು ದಾಟಲಿ. ಹತ್ತು ಗಂಟೆ ಆಗಲಿ. ಆಮೇಲೆ ವೆನೆರಾಳ ಮನೆಗೆ ಉಪ್ಪು ಕೇಳೋಕೆ ಹೋಗು. ಯಾರು ತೆರೆದರು ಅನ್ನೋದು ಬೇಡ, ಬುರುಲ್ ಶುಕ್ರವಾರ ಆ ವಾಲ್ವು ಮುಚ್ಚಿದ್ದಳು, ನಾನೇ ಕಣ್ಣಾರೆ ನೋಡಿದ್ದೆ ಅನ್ನು, ಅಷ್ಟೇ ಸಾಕು. ಹೇಳೋಕೆ ಮೊದಲು ಮಾತ್ರ, ಯಾರಿಗೂ ಹೇಳಲ್ಲ ಅಂತ ಅವಳ ಕೈಲಿ ಆಣೆ ಹಾಕಿಸಿಕೋ ತಾಯಿ. ಆಣೆ ಹಾಕಿಸದೆ ಹೇಳಿದರೆ ಊರಿಗೆಲ್ಲ ಹೇಳೋದನ್ನ ಅವಳು ಮರೆತುಬಿಡ್ತಾಳೆ."